ಕಿರುಬೆರಳಿಗೆ ಜೋಮು ಹಿಡಿಯುತ್ತಿದೆಯಾ? ಮೊದಲು ಮೊಣಕೈ ನೋಡಿಸಿ

ಕಿರುಬೆರಳು, ಉಂಗುರ ಬೆರಳು, ಇವೆರಡಕ್ಕೆ ಮಾತ್ರ ಪದೇ ಪದೇ ಜೋಮು ಹಿಡಿಯುತ್ತಿದ್ದರೆ ದಯವಿಟ್ಟು ಪೂರ್ತಿ ಓದಿ. ನನ್ನ ಬಲಗೈಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಾನು ಮೊದಲು ಹೋದ ಕ್ಲಿನಿಕ್‌ನಲ್ಲಿ ಕುತ್ತಿಗೆ ಎಕ್ಸ್‌ರೇ ತೆಗೆಸಿ "ಮೂಳೆ ಸವೆದಿದೆ, ಅದರಿಂದಲೇ" ಅಂದರು. ಸವೆತ ಇದ್ದದ್ದು ನಿಜ. ಆದರೆ ವಯಸ್ಸಾಗುತ್ತಾ ಅಂಥ ಸವೆತ ಏನೂ ತೊಂದರೆ ಇಲ್ಲದವರ ಎಕ್ಸ್‌ರೇಯಲ್ಲೂ ಕಾಣುತ್ತದೆ. ಕುತ್ತಿಗೆಗೆ ಪಟ್ಟಿ ಹಾಕಿದರು, ವಿಟಮಿನ್ ಮಾತ್ರೆ ಕೊಟ್ಟರು. ಮೊಣಕೈಯನ್ನು ಒಬ್ಬರೂ ಮುಟ್ಟಿ ನೋಡಲಿಲ್ಲ. ಆಮೇಲೆ ಮಸಾಜ್ ಮಾಡುವವರೊಬ್ಬರು "ನರ ಬಿಡಿಸ್ತೀನಿ" ಅಂತ ಮೊಣಕೈ ಒಳಬದಿಯ ಮೂಳೆಯ ಹಿಂದೆ ಹೆಬ್ಬೆರಳು ಊರಿ ಒತ್ತಿ ಒತ್ತಿ ಉಜ್ಜಿದರು. ಕಿರುಬೆರಳ ತುದಿವರೆಗೂ ಕರೆಂಟ್ ಹೊಡೆದ ಹಾಗಾಯಿತು. "ತಡ್ಕೊಳ್ಳಿ, ಬಿಡ್ತಾ ಇದೆ" ಅಂದರು. ಅಲ್ಲಿವರೆಗೆ ಬಂದು ಹೋಗುತ್ತಿದ್ದ ಜೋಮು ಆಮೇಲೆ ಹೋಗಲೇ ಇಲ್ಲ.

ಆ ಜಾಗದಲ್ಲಿ ಇರುವುದು ಅಲ್ನಾರ್ ನರ. ಕುತ್ತಿಗೆಯ ಬುಡದಿಂದ ಹೊರಟು, ತೋಳಿನ ಒಳಬದಿಯಲ್ಲಿ ಇಳಿದು, ಮೊಣಕೈಯ ಒಳಗಡೆ ಉಬ್ಬಿರುವ ಮೂಳೆಯ ಹಿಂದಿನ ಕಿರಿದಾದ ದಾರಿಯಲ್ಲಿ ನುಸುಳಿ, ಮುಂಗೈ ದಾಟಿ ಅಂಗೈಗೆ ಬರುತ್ತದೆ. ಮೊಣಕೈ ಎಲ್ಲಾದರೂ ತಗುಲಿದಾಗ ಝುಮ್ ಅನ್ನುತ್ತದಲ್ವಾ, ಅದು ಇದೇ ನರ. ಅಲ್ಲಿ ಅದರ ಮೇಲೆ ಚರ್ಮ ಬಿಟ್ಟರೆ ಕಾಪಾಡುವಂಥದ್ದು ಹೆಚ್ಚೇನೂ ಇಲ್ಲ. ಕೈ ಮಡಿಸಿದಾಗ ದಾರಿ ಇನ್ನೂ ಕಿರಿದಾಗಿ ನರ ಎಳೆದುಕೊಳ್ಳುತ್ತದೆ. ಅದಕ್ಕೇ ಕೈ ಮಡಿಸಿ ಮಲಗಿದ ರಾತ್ರಿ, ಫೋನ್ ಕಿವಿಗೆ ಹಿಡಿದಾಗ, ಮೇಜಿನ ಮೇಲೆ ಮೊಣಕೈ ಊರಿ ಕೂತಾಗ ಜೋಮು ಜಾಸ್ತಿ. ಇಂಥ ಕಡೆ ಹೆಬ್ಬೆರಳು ಹಾಕಿ ತಿಕ್ಕುವುದು ಚಿಕಿತ್ಸೆ ಅಲ್ಲವೇ ಅಲ್ಲ.

ಜೋಮಿಗಿಂತ ದೊಡ್ಡ ಹಾನಿ ಶಕ್ತಿ ಹೋಗುವುದು. ಅಂಗೈಯ ಸಣ್ಣ ಸ್ನಾಯುಗಳಲ್ಲಿ ಹೆಚ್ಚಿನವನ್ನು ಆಡಿಸುವುದು ಇದೇ ನರ. ನನಗೆ ಬೀಗದ ಕೀ ತಿರುಗಿಸಲು ಕಷ್ಟವಾಯಿತು, ಅಂಗಿ ಗುಂಡಿ ಜಾರತೊಡಗಿತು, ಕಿರುಬೆರಳು ಪಕ್ಕಕ್ಕೆ ಸೆಟೆದುಕೊಂಡು ಜೇಬಿನ ಅಂಚಿಗೆ ಸಿಕ್ಕಿಕೊಳ್ಳುತ್ತಿತ್ತು. ಇದನ್ನೆಲ್ಲ ಹೇಳಿದರೂ ಕ್ಲಿನಿಕ್‌ನವರು ಪಟ್ಟಿ ಮುಂದುವರಿಸಿ ಅಂದರು.

ಕೊನೆಗೆ ಬೇರೆ ವೈದ್ಯರೊಬ್ಬರು ಮೊದಲು ಮಾಡಿದ್ದೇ ನನ್ನ ಎರಡೂ ಕೈ ಬೋರಲಾಗಿ ಮೇಜಿನ ಮೇಲೆ ಇಡಿಸಿದ್ದು. ಬಲಗೈಯಲ್ಲಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಬತ್ತಿ ಗುಳಿ ಬಿದ್ದಿತ್ತು. ಆಮೇಲೆ ಒಂದು ಕಾಗದವನ್ನು ಆ ಎರಡು ಬೆರಳ ನಡುವೆ ಗಟ್ಟಿ ಹಿಡಿಯಲು ಹೇಳಿ ಎಳೆದರು. ಎಡಗೈಯಲ್ಲಿ ಹೆಬ್ಬೆರಳು ನೆಟ್ಟಗೇ ಇತ್ತು, ಬಲಗೈಯಲ್ಲಿ ತುದಿಯ ಗೆಣ್ಣು ಮಡಚಿಕೊಂಡಿತು. ಇದನ್ನು ನೀವು ಮನೆಯಲ್ಲೇ ಮಾಡಿ ನೋಡಬಹುದು. ಉಂಗುರ ಬೆರಳನ್ನೂ ಗಮನಿಸಿ: ಈ ನರದ ತೊಂದರೆಯಾದರೆ ಸಾಮಾನ್ಯವಾಗಿ ಕಿರುಬೆರಳ ಕಡೆಯ ಅರ್ಧ ಮಾತ್ರ ಮರಗಟ್ಟುತ್ತದೆ. ಬೆರಳು ಪೂರ್ತಿ ಮರಗಟ್ಟಿದ್ದರೆ ಕುತ್ತಿಗೆಯ ಮೇಲೆ ಅನುಮಾನ ಜಾಸ್ತಿ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಬಂದರೆ ಅದು ಬೇರೆ ನರ, ಮೀಡಿಯನ್.

ನರದ ವೇಗ ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆಯಲ್ಲಿ ಒತ್ತಡ ಮೊಣಕೈಯಲ್ಲೇ ಇದೆ ಅಂತ ಗೊತ್ತಾಯಿತು. ಆಪರೇಷನ್ ಮಾಡಿ ನರ ಸಡಿಲಿಸಿದರು. ರಾತ್ರಿ ಜೋಮು ನಿಂತಿದೆ, ಗುಳಿ ಮಾತ್ರ ತುಂಬಿಲ್ಲ. ಹಾಳಾದ ನರದ ಎಳೆ ಬೆಳೆಯುವುದು ದಿನಕ್ಕೆ ಹೆಚ್ಚುಕಮ್ಮಿ 1 ಮಿಲಿಮೀಟರ್. ಮೊಣಕೈಯಿಂದ ಅಂಗೈಗೆ ಬರಲು ಎಷ್ಟೋ ತಿಂಗಳು ಬೇಕು, ಅಷ್ಟರಲ್ಲಿ ಸ್ನಾಯು ಪೂರ್ತಿ ಬತ್ತಿದ್ದರೆ ನರ ಬಂದರೂ ಪ್ರಯೋಜನ ಇಲ್ಲ. ಹಾಗಾಗಿ ಹಿಡಿತ ಸಡಿಲವಾದ ಮೇಲೆ ಸುಮ್ನೆ ಕಾಯಬೇಡಿ.

ಬರೀ ಜೋಮು ಇರುವ ಹಂತದಲ್ಲಿ ಎಷ್ಟೋ ಜನರಿಗೆ ಆಪರೇಷನ್ನೇ ಬೇಕಾಗುವುದಿಲ್ಲ. ರಾತ್ರಿ ಮೊಣಕೈಗೆ ಟವೆಲ್ ಸಡಿಲವಾಗಿ ಸುತ್ತಿ ಕೈ ಪೂರ್ತಿ ಮಡಚದಂತೆ ಮಲಗಿ, ಮೊಣಕೈ ಊರಿ ಕೂರುವುದು ಬಿಡಿ. ವೈದ್ಯರ ಹತ್ತಿರ ಹೋದಾಗ ಅಂಗೈಯ ಹಿಂಬದಿ, ಕಿರುಬೆರಳ ಕಡೆಯ ಚರ್ಮ ಮರಗಟ್ಟಿದೆಯೋ ಇಲ್ಲವೋ ಅನ್ನುವುದನ್ನೂ ಹೇಳಿ. ಆ ಭಾಗಕ್ಕೆ ಹೋಗುವ ಕವಲು ಮಣಿಕಟ್ಟಿಗಿಂತ ಮೊದಲೇ ಒಡೆಯುತ್ತದೆ, ಹಾಗಾಗಿ ಅಲ್ಲಿ ಸ್ಪರ್ಶ ಸರಿಯಾಗಿದ್ದರೆ ನರ ಮಣಿಕಟ್ಟಿನಲ್ಲಿ ಸಿಕ್ಕಿಕೊಂಡಿರಬಹುದು. ಸೈಕಲ್ ಹ್ಯಾಂಡಲ್ ಮೇಲೆ ಅಂಗೈ ಊರಿ ತುಂಬಾ ಹೊತ್ತು ಓಡಿಸುವವರಿಗೆ ಹೀಗಾಗುವುದುಂಟು.