ಸ್ಪಿಂಡಲ್ ನೋಡಲು ಯಾವ ಕೈನೇಸ್ ತಡೆದರೆ ಚೆನ್ನ?

ಹೀಲಾ ಕೋಶಗಳಲ್ಲಿ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ಸ್ಪಿಂಡಲ್ ಹೇಗೆ ಕಟ್ಟಿಕೊಳ್ಳುತ್ತದೆ ಅಂತ ನೋಡಬೇಕಿತ್ತು. ಸ್ಪಿಂಡಲ್ ಅಂದರೆ ಕೋಶ ಎರಡಾಗುವಾಗ ಕ್ರೋಮೋಸೋಮ್‌ಗಳನ್ನು ಹಂಚುವ, ಮೈಕ್ರೋಟ್ಯೂಬ್ಯೂಲ್ ಎಂಬ ಪ್ರೋಟೀನ್ ಎಳೆಗಳ ಚೌಕಟ್ಟು. ಆರ್‌ಓ-3306, ಬಿಐ 2536, ಅಲಿಸರ್ಟಿಬ್ ಮೂರನ್ನೂ ಹಾಕಿ ನೋಡಿದೆ. ಮೂರೂ ಕೈನೇಸ್ ತಡೆಯುವ ಔಷಧಗಳು; ಕೈನೇಸ್ ಅಂದರೆ ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ. ಮೊದಲನೆಯದು ಸಿಡಿಕೆ1 ತಡೆಯುತ್ತದೆ, ಎರಡನೆಯದು ಪಿಎಲ್‌ಕೆ1, ಮೂರನೆಯದು ಅರೋರಾ-ಎ.

ನನ್ನ ಓಟು ಆರ್‌ಓ-3306ಕ್ಕೆ. 9 ಮೈಕ್ರೋಮೋಲಾರ್ ಹಾಕಿ ರಾತ್ರಿಯಿಡೀ ಬಿಟ್ಟರೆ ಕೋಶಗಳೆಲ್ಲ ಜಿ2 (ವಿಭಜನೆಗೆ ಮುಂಚಿನ ಹಂತ) ಕೊನೆಗೆ ಬಂದು ನಿಲ್ಲುತ್ತವೆ, ತೊಳೆದ ಕೂಡಲೇ ಒಟ್ಟಿಗೆ ಹೊರಡುತ್ತವೆ, ಸುಮಾರು ಒಂದು ಗಂಟೆಯಲ್ಲಿ ಬೇಕಾದಷ್ಟು ಮೆಟಾಫೇಸ್ (ಕ್ರೋಮೋಸೋಮ್‌ಗಳು ಸ್ಪಿಂಡಲ್ ನಡುವೆ ಸಾಲಾಗಿ ನಿಂತ ಹಂತ) ಸಿಗುತ್ತದೆ. ಕೋಶಗಳನ್ನು ನಿಲ್ಲಿಸಲು ಬಳಸುವ ಇನ್ನೊಂದು ಔಷಧ ನೊಕೊಡಜೋಲ್ ಮೈಕ್ರೋಟ್ಯೂಬ್ಯೂಲ್‌ಗಳನ್ನೇ ಬಿಚ್ಚಿಹಾಕುತ್ತದೆ, ಅದನ್ನು ತೊಳೆದ ಮೇಲೆ ನೋಡುವುದು ರಿಪೇರಿ ಕೆಲಸ, ಶುರುವಿನಿಂದ ಕಟ್ಟುವುದಲ್ಲ. ಆದರೆ ತೊಳೆಯುವ ಮೀಡಿಯಾ ಬೆಚ್ಚಗಿರಲಿ. ಮೊದಲ ಸಲ ನಾನು ಫ್ರಿಜ್‌ನಿಂದ ತೆಗೆದಿದ್ದನ್ನೇ ಸುರಿದೆ. ಚಳಿಗೆ ಮೈಕ್ರೋಟ್ಯೂಬ್ಯೂಲ್ ಕರಗುತ್ತವೆ, ಗೊತ್ತಿದ್ದೂ ಮಾಡಿದೆ, ಒಂದು ದಿನ ಹಾಳು.

ಬಿಐ 2536 100 ನ್ಯಾನೋಮೋಲಾರ್ ಸಾಕು. ಚಿತ್ರ ಎಷ್ಟು ಸ್ಪಷ್ಟ ಅಂದರೆ ಯಾರಿಗೂ ವಿವರಿಸಬೇಕಿಲ್ಲ: ನಡುವೆ ಒಂದೇ ಧ್ರುವ, ಸುತ್ತ ಕ್ರೋಮೋಸೋಮ್‌ಗಳ ಉಂಗುರ. ಪಿಎಲ್‌ಕೆ1 ಇಲ್ಲದೆ ಧ್ರುವಗಳಾಗಬೇಕಾದ ಸೆಂಟ್ರೋಸೋಮ್‌ಗಳು ಬೇರೆಯಾಗುವುದಿಲ್ಲ, ಮೈಕ್ರೋಟ್ಯೂಬ್ಯೂಲ್ ಬೆಳೆಯಲು ಶುರುಮಾಡಿಸುವ ಗಾಮಾ-ಟ್ಯೂಬ್ಯುಲಿನ್ ಕೂಡ ಅಲ್ಲಿ ಜಾಸ್ತಿ ಸೇರುವುದಿಲ್ಲ.

ತಲೆನೋವು ಅಲಿಸರ್ಟಿಬ್. ಪೋಲೋ (ಪಿಎಲ್‌ಕೆ1 ಹೆಸರಿನ ಮೂಲ) ಆಗಲಿ ಅರೋರಾ ಆಗಲಿ, ಎರಡೂ ಹೆಸರು ಹಣ್ಣುನೊಣದ ಮ್ಯುಟೆಂಟ್‌ಗಳಿಂದ ಬಂದಿದ್ದು, ಎರಡರಲ್ಲೂ ಕೆಟ್ಟಿದ್ದು ಸ್ಪಿಂಡಲ್ ಧ್ರುವಗಳೇ. ಅದಕ್ಕೇ ಇಲ್ಲೂ ಒಂಟಿ ಧ್ರುವವೇ ಕಾಣುತ್ತದೆ ಅಂತ ಸುಮ್ನೆ ನಂಬಿದ್ದೆ. ಕಂಡಿದ್ದು ಕಲಬೆರಕೆ: ಕೆಲವು ಗಿಡ್ಡ, ಕೆಲವಕ್ಕೆ ಮೂರು ಧ್ರುವ, ಕೆಲವು ನೋಡಲು ಸರಿಯಾಗೇ ಇವೆ! ಡೋಸ್ ಏರಿಸೋಣ ಅಂತ ಮೈಕ್ರೋಮೋಲಾರ್ ಹತ್ತಿರ ಹೋದರೆ ಅದರ ಸೋದರ ಕೈನೇಸ್ ಅರೋರಾ-ಬಿಗೂ ಏಟು ಬೀಳುತ್ತದೆ, ಆಮೇಲೆ ಯಾವುದರ ತಪ್ಪು ಅಂತ ಹೇಳೋದು ಕಷ್ಟ ಅಲ್ವಾ? ಹಾಗಾಗಿ ಪ್ರತಿ ಡೋಸ್‌ಗೂ ಎರಡು ಆಂಟಿಬಾಡಿ ಹಾಕಬೇಕಾಯಿತು. ಅರೋರಾ-ಎ ಚಾಲೂ ಇದೆ ಅಂತ ತೋರಿಸುವ, ಅದರ ಮೇಲಿನ ಥ್ರಿಯೋನಿನ್ 288 ಫಾಸ್ಫೇಟ್ ಮಾಯವಾಗಬೇಕು, ಹಿಸ್ಟೋನ್ ಎಚ್3ರ ಸೆರಿನ್ 10 ಫಾಸ್ಫೇಟ್ ಉಳಿಯಬೇಕು, ಏಕೆಂದರೆ ಅದು ಅರೋರಾ-ಬಿ ಕೆಲಸ. ಇನ್ನೊಂದು ತೊಡಕು, ಬೋರಾ ಎಂಬ ಸಹಾಯಕ ಪ್ರೋಟೀನ್ ಜೊತೆ ಸೇರಿ ಪಿಎಲ್‌ಕೆ1ಗೆ ಚಾಲನೆ ಕೊಡುವುದೂ ಇದೇ ಅರೋರಾ-ಎ. ಒಂದನ್ನು ಹಿಡಿದರೆ ಇನ್ನೊಂದೂ ಅಲುಗಾಡುತ್ತದೆ.

ಈಗ ನಾನು ಮೊದಲು ಆರ್‌ಓ-3306ದಲ್ಲಿ ನಿಲ್ಲಿಸಿ, ತೊಳೆಯುವಾಗ ಬೆಚ್ಚಗಿನ ಮೀಡಿಯಾದಲ್ಲೇ ಅಲಿಸರ್ಟಿಬ್ ಸೇರಿಸುತ್ತೇನೆ. ಪಕ್ಕದಲ್ಲಿ ಹೋಲಿಸಿ ನೋಡಲು, ಔಷಧವಿಲ್ಲದೆ ಬರೀ ಡಿಎಂಎಸ್‌ಓ (ಔಷಧ ಕರಗಿಸುವ ದ್ರಾವಕ) ಹಾಕಿದ ತಟ್ಟೆಯೊಂದು ಇರಲೇಬೇಕು.