ಕಿವಿ ಮೆಷಿನ್: ಒಂದೇ ಕುಟುಂಬದ ಮೂರು ಜನ, ಮೂರು ಮಾದರಿ, ಮಲೆನಾಡಿನ ಮಳೆ

ಕಿವಿಗೆ ಮೆಷಿನ್ ಹಾಕಿಕೊಂಡವರನ್ನು ಕಂಡರೆ ಜನ ಮೊದಲು ಕೇಳುವುದು ಎರಡೇ. ಯಾವ ಕಂಪನಿ? ಎಷ್ಟು ಕೊಟ್ಟಿರಿ? ಇಷ್ಟು ವರ್ಷ ಬಳಸಿದ ಮೇಲೆ ನನಗೆ ಅನ್ನಿಸುವುದು, ಅದಕ್ಕೂ ಮೊದಲು ಮಾದರಿ ಯಾವುದು ಅಂತ ಕೇಳಬೇಕು. ಕಿವಿ ಹಿಂದೆ ಕೂರುವುದಾ, ಒಳಗೆ ಹೋಗುವುದಾ, ಸೆಲ್ ಹಾಕುವುದಾ, ಚಾರ್ಜ್ ಮಾಡುವುದಾ. ನಮ್ಮ ಕುಟುಂಬದಲ್ಲಿ ಈಗ ಮೂರು ಜನ ಮೆಷಿನ್ ಬಳಸುತ್ತೇವೆ. ತೀರ್ಥಹಳ್ಳಿ ಕಡೆ ತೋಟದ ಮನೆಯಲ್ಲಿರುವ ನಾನು ಮತ್ತು ಅಮ್ಮ, ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಕೆಲಸ ಮಾಡುವ ಅಣ್ಣ. ಮೂವರದ್ದೂ ಬೇರೆ ಬೇರೆ ಮಾದರಿ, ಮೂವರಿಗೂ ಅವರವರದ್ದೇ ಸರಿ.

ಆರಿಸುವ ಮೊದಲು ಇಎನ್‌ಟಿ ಡಾಕ್ಟರಿಗೆ ಕಿವಿ ತೋರಿಸಿ. ಗುಗ್ಗೆ ಕಟ್ಟಿಕೊಂಡೇ ಕೇಳಿಸದೆ ಇರುವವರು ಎಷ್ಟೋ ಜನ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದೆ ಹೋದರೆ ಅಂತೂ ಒಂದು ದಿನವೂ ಕಾಯಬಾರದು. ಆಮೇಲೆ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವ ತಜ್ಞರು, ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ 250ರಿಂದ 8000 ಹರ್ಟ್ಸ್‌ವರೆಗೆ ಸಣ್ಣ ಸಣ್ಣ ಸದ್ದು ಕೇಳಿಸಿ ಆಡಿಯೋಗ್ರಾಮ್ ಅನ್ನುವ ಗೆರೆಚಿತ್ರ ಬರೆಯುತ್ತಾರೆ. ಕೆಂಪು ಗೆರೆ ಬಲಗಿವಿ, ನೀಲಿ ಗೆರೆ ಎಡಗಿವಿ. ಆ ಕಾಗದದ ಒಂದು ಪ್ರತಿ ಕೇಳಿ ಇಸಕೊಳ್ಳಿ. ಯಾವ ಊರಿನ ಯಾವ ಕ್ಲಿನಿಕ್ಕಿಗೆ ಹೋದರೂ ಮಾತು ಶುರುವಾಗುವುದು ಅಲ್ಲಿಂದಲೇ.

ಕಾಗದದ ಎಡಗಡೆ ದಪ್ಪ ದನಿ, ಬಲಗಡೆ ತೆಳು ದನಿ; ಗೆರೆ ಇಳಿದಷ್ಟೂ ಕಿವುಡು ಜಾಸ್ತಿ. ನನ್ನ ಗೆರೆ ಕಾಗದದ ಎಡಗಡೆ ಚೆನ್ನಾಗಿ ಶುರುವಾಗಿ, ಬಲಕ್ಕೆ ಹೋಗ್ತಾ ಆಗುಂಬೆ ಘಾಟಿ ಇಳಿದ ಹಾಗೆ ಇಳಿಯುತ್ತದೆ. ಅಂದರೆ ದಪ್ಪ ದನಿ ಕೇಳುತ್ತದೆ, ತೆಳು ದನಿ ಕೇಳುವುದಿಲ್ಲ. ಲಾರಿ ಬಂದಿದ್ದು ಗೊತ್ತಾಗುತ್ತದೆ. ಸ, ಶ, ತ, ಕ, ಪ ಮಾತ್ರ ಮಾಯ. ಮೊಮ್ಮಗಳು ‘ಸೊಪ್ಪು’ ಅಂದರೆ ನನಗೆ ‘ಒಪ್ಪು’ ಅಂತ ಕೇಳುತ್ತಿತ್ತು. ಯಾರೋ ಮಾತಾಡುತ್ತಿದ್ದಾರೆ ಅಂತ ತಿಳಿಯುತ್ತದೆ, ಏನು ಅಂತ ತಿಳಿಯುವುದಿಲ್ಲ. ವಯಸ್ಸಾದಂತೆ ಬರುವ ಕಿವುಡು ಹೆಚ್ಚಿನವರಲ್ಲಿ ಹೀಗೇ ಇರುತ್ತದೆ. ಹತ್ತಿರದವರಿಗೆ ಇದು ಅರ್ಥವಾಗುವುದು ಕಷ್ಟ. ‘ಬೇಕಾದ್ದು ಮಾತ್ರ ಕೇಳತ್ತೆ’ ಅಂತಾರೆ. ಆ ಮಾತು ಬಹಳ ನೋಯಿಸುತ್ತದೆ. ದಯವಿಟ್ಟು ಮನೆಯ ಹಿರಿಯರಿಗೆ ಹಾಗೆ ಹೇಳಬೇಡಿ.

ಇಂಥ ಕಿವಿಗೆ ನನಗೆ ಹೊಂದಿದ್ದು ಆರ್‌ಐಸಿ ಮಾದರಿ. ಮೈಕು, ಸೆಲ್ಲು ಎಲ್ಲ ಕಿವಿ ಹಿಂದೆ ಇರುತ್ತವೆ. ಕೂದಲೆಳೆಗಿಂತ ಸ್ವಲ್ಪ ದಪ್ಪದ ಒಂದು ವೈರು ಮುಂದೆ ಬಂದು, ಅದರ ತುದಿಯ ಪುಟ್ಟ ಸ್ಪೀಕರ್ ಕಿವಿಯೊಳಗೆ ಕೂರುತ್ತದೆ. ಅದನ್ನು ರಿಸೀವರ್ ಅಂತಾರೆ. ಅದರ ಮೇಲೆ ತೂತುಗಳಿರುವ ರಬ್ಬರಿನ ಡೋಮ್. ಕಿವಿ ಪೂರ್ತಿ ಮುಚ್ಚಿಹೋಗುವುದಿಲ್ಲ. ದಪ್ಪ ದನಿ ತಾನಾಗಿಯೇ ಒಳಗೆ ಹೋಗುತ್ತದೆ, ತೆಳು ದನಿಯನ್ನಷ್ಟೇ ಮೆಷಿನ್ ಎತ್ತಿ ಕೊಡುತ್ತದೆ. ದಪ್ಪ ದನಿ ಚೆನ್ನಾಗಿ ಕೇಳುವವರ ಕಿವಿಯನ್ನು ಪೂರ್ತಿ ಮುಚ್ಚಿದರೆ ಅವರದ್ದೇ ದನಿ ಕೊಡದೊಳಗಿಂದ ಬಂದ ಹಾಗೆ ಗುಂಯ್ ಅನ್ನುತ್ತದೆ, ಹಪ್ಪಳ ಅಗಿದರೂ ತಲೆಯೊಳಗೇ ಸದ್ದು. ಎಷ್ಟೋ ಜನ ಮೆಷಿನ್ ತೆಗೆದು ಕಪಾಟಿನಲ್ಲಿ ಇಡುವುದು ಈ ಕಾಟಕ್ಕೇ.

ಹಾಕಿಕೊಂಡ ಮೊದಲ ಸಂಜೆ ತೋಟದಲ್ಲಿ ಜೀರುಂಡೆ ಕೂಗಿದ್ದು ತಡೆಯಲಾಗಲಿಲ್ಲ. ಅಷ್ಟು ವರ್ಷ ಆ ಸದ್ದು ನನಗೆ ಇರಲೇ ಇಲ್ಲ. ಆಡಿಯಾಲಜಿಸ್ಟ್ ಮೊದಲು ದನಿ ಸ್ವಲ್ಪ ಕಮ್ಮಿ ಇಟ್ಟು, ಕೆಲವು ವಾರಗಳಲ್ಲಿ ಮೆಲ್ಲಗೆ ಏರಿಸುತ್ತಾ ಬಂದರು. ಮಿದುಳಿಗೆ ಒಗ್ಗಲು ಸಮಯ ಬೇಕು. ಮದುವೆಗೆ ಮಾತ್ರ ಹಾಕಿಕೊಳ್ಳುತ್ತೇನೆ ಅಂದರೆ ಯಾವ ಮೆಷಿನ್ನೂ ಹಿಡಿಸುವುದಿಲ್ಲ. ಬೆಳಿಗ್ಗೆ ಎದ್ದು ಹಾಕಿ ರಾತ್ರಿ ಮಲಗುವಾಗಲೇ ತೆಗೆಯಬೇಕು.

ಈಗ ತಾಳಮದ್ದಳೆಯಲ್ಲಿ ಅರ್ಥಧಾರಿಗಳ ಮಾತು ಮುಂದಿನ ಸಾಲಿನಲ್ಲಿ ಕೂತರೆ ಬಿಡಿಬಿಡಿಯಾಗಿ ಕೇಳುತ್ತದೆ. ಚಂಡೆಗೆ ಮಾತ್ರ ಬೇರೆ ಪ್ರೋಗ್ರಾಮ್ ಮಾಡಿಸಿಕೊಂಡಿದ್ದೇನೆ. ಮಾತಿಗೆ ಹೊಂದಿಸಿದ್ದರಲ್ಲಿ ಚಂಡೆ ಒಡೆದು ಕೇಳುತ್ತಿತ್ತು. ಮದುವೆ ಪಂಕ್ತಿಯಲ್ಲಿ ಎದುರು ನಿಂತು ಬಡಿಸುವವರ ಮಾತು ಸಲೀಸು, ಪಕ್ಕದ ಎಲೆಯವರದ್ದು ಕಷ್ಟ. ಗದ್ದಲದಲ್ಲಿ ಎರಡು ಮೈಕು ಸೇರಿ ಮುಂದಿನ ದನಿಯನ್ನೇ ಹಿಡಿಯುತ್ತವೆ. ಹಾಗಾಗಿ ಮಾತಾಡುವವರ ಕಡೆ ಮುಖ ತಿರುಗಿಸುವುದು ಅಭ್ಯಾಸವಾಗಿದೆ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಮೆಷಿನ್ ಆ ಸದ್ದನ್ನು ತಗ್ಗಿಸಿ ಕಿವಿಗೆ ಹಿತ ಮಾಡುತ್ತದೆ. ಆದರೆ ಮಾತು ಅದರಿಂದ ಹೆಚ್ಚು ಸ್ಪಷ್ಟವಾಗುವುದಿಲ್ಲ. ಹತ್ತಿರ ಬಂದು ಮಾತಾಡಿ ಅಂತ ಕೇಳಿಕೊಳ್ಳಲೇಬೇಕು.

ಕಿರಿಕಿರಿಯೂ ಇದೆ. ಹಾಳೆಟೋಪಿ ಹಾಕಿದರೆ ಮೈಕಿಗೆ ಉಜ್ಜಿ ಬರಬರ ಸದ್ದು. ಕನ್ನಡಕದ ಕಡ್ಡಿ, ಮಾಸ್ಕಿನ ದಾರ, ಮೆಷಿನ್ ಮೂರೂ ಕಿವಿ ಹಿಂದೆ ಒಂದೇ ಜಾಗಕ್ಕೆ ಜಗಳ. ಮಾಸ್ಕ್ ತೆಗೆಯುವಾಗ ದಾರದ ಜೊತೆ ಮೆಷಿನ್ ಎದ್ದು ಬರುತ್ತದೆ, ಒಂದು ಕೈ ಅಲ್ಲಿ ಹಿಡಿದುಕೊಂಡೇ ತೆಗೆಯಬೇಕು. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ದಿನ ಮೆಷಿನ್ ಹಾಕಿಕೊಂಡು ತೋಟಕ್ಕೆ ಇಳಿಯುವುದೇ ಇಲ್ಲ.

ಅಮ್ಮನ ವಿಷಯ ಬೇರೆ. ಅವರಿಗೆ ಕಿವುಡು ತುಂಬಾ ಜಾಸ್ತಿ, ಎರಡೂ ಕಿವಿಯಲ್ಲಿ 70 ಡೆಸಿಬಲ್ ದಾಟಿದೆ. ಅಷ್ಟಕ್ಕೆ ತೆರೆದ ಡೋಮ್ ಸಾಲದು. ಒಳಗೆ ಕೊಟ್ಟ ದನಿ ಹೊರಗೆ ಸೋರಿ ಮತ್ತೆ ಮೈಕಿಗೆ ಹೋಗಿ ಕುಯ್ ಅಂತ ಕೂಗುತ್ತದೆ. ಅವರಿಗೆ ಕೊಡಿಸಿದ್ದು ಕಿವಿ ಹಿಂದಿನ ದೊಡ್ಡ ಬಿಟಿಇ, ಜೊತೆಗೆ ಕಿವಿಯ ಅಚ್ಚು ತೆಗೆದು ಮಾಡಿದ ಮೋಲ್ಡ್. ನೋಡಲು ದೊಡ್ಡದು, ನಿಜ. ಆದರೆ ಅಮ್ಮನ ಬೆರಳಿಗೆ ಸಿಗುತ್ತದೆ. ವರ್ಷಗಟ್ಟಲೆ ಅಡಿಕೆ ಸುಲಿದು ಗಡುಸಾದ, ಈಗ ಸ್ವಲ್ಪ ನಡುಗುವ ಬೆರಳು. ಮೋಲ್ಡಿನ ಏರುತಗ್ಗು ಮುಟ್ಟಿ ನೋಡಿಯೇ ಬಲದ್ದು ಯಾವುದು, ಎಡದ್ದು ಯಾವುದು ಅಂತ ಹೇಳುತ್ತಾರೆ.

ಒಂದು ಆಷಾಢದ ಬೆಳಿಗ್ಗೆ ಅಮ್ಮ ಮೆಷಿನ್ ಸತ್ತುಹೋಯ್ತು ಅಂದರು. ಸೆಲ್ ಬದಲಿಸಿದರೂ ಸದ್ದಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಮೋಲ್ಡಿಗೆ ಹೋಗುವ ಟ್ಯೂಬಿನ ಬಾಗಿನಲ್ಲಿ ಸಾಸಿವೆಯಷ್ಟು ನೀರಿನ ಹನಿ. ಕಿವಿಯ ಬಿಸಿ ಗಾಳಿ ಹೊರಗಿನ ಥಂಡಿಗೆ ಟ್ಯೂಬಿನೊಳಗೇ ನೀರಾಗುತ್ತದೆ. ಅಷ್ಟು ಹನಿ ಸಾಕು, ದನಿ ಪೂರ್ತಿ ನಿಲ್ಲುತ್ತದೆ. ಟ್ಯೂಬನ್ನು ಮೆಷಿನ್ನಿಂದ ಬಿಡಿಸಿ ರಬ್ಬರ್ ಬ್ಲೋವರಿನಿಂದ ಒತ್ತಿದಾಗ ಹನಿ ಹಾರಿತು, ಅಮ್ಮನಿಗೆ ಮತ್ತೆ ಕೇಳಿತು. ಮಲೆನಾಡಿನಲ್ಲಿ ಬಿಟಿಇ ಕೊಳ್ಳುವವರು ಆ ಬ್ಲೋವರ್ ಇಸಕೊಳ್ಳದೆ ಕ್ಲಿನಿಕ್ಕಿನಿಂದ ಎದ್ದು ಬರಬೇಡಿ. ಟ್ಯೂಬು ಕೆಲವು ತಿಂಗಳಿಗೆ ಗಟ್ಟಿಯಾಗಿ ಹಳದಿಯಾಗುತ್ತದೆ, ಆಗ ಬದಲಿಸಬೇಕು. ಅಲ್ಲೇ ಕೂತು ಹತ್ತು ನಿಮಿಷದಲ್ಲಿ ಹಾಕಿ ಕೊಡುತ್ತಾರೆ.

ಅಣ್ಣನದ್ದು ಸಿಐಸಿ, ಕಿವಿಯೊಳಗೆ ಪೂರ್ತಿ ಕೂರುವ ಮಾದರಿ. ಅವನಿಗೆ ದಿನವಿಡೀ ಫೋನಿನಲ್ಲಿ ದರದ ಮಾತು. ಮೈಕು ಕಿವಿಯೊಳಗೇ ಇರುವುದರಿಂದ ಫೋನನ್ನು ಎಲ್ಲರ ಹಾಗೆ ಕಿವಿಗೇ ಇಟ್ಟುಕೊಳ್ಳುತ್ತಾನೆ. ಬೈಕಿನಲ್ಲಿ ಹೆಲ್ಮೆಟ್ ಹಾಕಿದರೂ ತೊಂದರೆಯಿಲ್ಲ, ಗಾಳಿ ಸದ್ದೂ ಕಮ್ಮಿ. ಅವನ ಕಿವುಡು ಮಧ್ಯಮ, ಕಿವಿಯ ದಾರಿ ಅಗಲ, ಕೆಲಸ ಮಾಡಿನ ಕೆಳಗೆ. ಹಾಗಾಗಿ ನಡೆಯುತ್ತದೆ. ತೋಟದಲ್ಲಿ ಬೆವರುವ ನನ್ನಂಥವರಿಗೆ ನಾನು ಅದನ್ನು ಹೇಳುವುದಿಲ್ಲ. ಬೆವರು, ಗುಗ್ಗೆ ಎರಡೂ ನೇರ ಮೆಷಿನ್ನಿಗೇ ತಾಗುತ್ತವೆ. ಗುಗ್ಗೆ ತಡೆಯುವ ಪುಟ್ಟ ಜಾಲರಿಯನ್ನು ಆಗಾಗ ಬದಲಿಸಬೇಕು. ಸಾಮಾನ್ಯವಾಗಿ ಒಂದೇ ಮೈಕು ಇರುವುದರಿಂದ ಗದ್ದಲದಲ್ಲಿ ಮುಂದಿನ ದನಿಯನ್ನು ಬೇರೆ ಮಾಡಿ ಹಿಡಿಯುವ ಶಕ್ತಿಯೂ ಕಮ್ಮಿ. ಕೆಟ್ಟರೆ ಕಂಪನಿಗೇ ಕಳಿಸಬೇಕು, ಅಷ್ಟು ದಿನ ಕಿವಿ ಖಾಲಿ.

ಇನ್ನು ಸೆಲ್ಲಾ, ಚಾರ್ಜಾ? ಶಿವಮೊಗ್ಗ ಪೇಟೆಯಲ್ಲಿ ಇರುವವರು ಕಣ್ಣು ಮುಚ್ಚಿ ಚಾರ್ಜಿನದು ತಗೊಳ್ಳಬಹುದು. ರಾತ್ರಿ ಡಬ್ಬಿಯಲ್ಲಿಟ್ಟರೆ ಮರುದಿನವಿಡೀ ಬರುತ್ತದೆ, ಬೆರಳು ನಡುಗುವವರಿಗೆ ಅದೇ ವರ. ಆದರೆ ನಮ್ಮ ಕಡೆ ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಯುಪಿಎಸ್ಸೂ ಕೈಕೊಡುತ್ತದೆ. ಅದಕ್ಕೇ ನಾನು ಹಟ ಹಿಡಿದು ಸೆಲ್ಲಿನದೇ ತಗೊಂಡೆ.

ಸೆಲ್ಲಿನ ಅಳತೆ ಸ್ಟಿಕ್ಕರಿನ ಬಣ್ಣದಲ್ಲೇ ಗೊತ್ತಾಗುತ್ತದೆ. 10 ನಂಬರ್ ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಅಣ್ಣನ 10 ನಂಬರ್ ಬರೀ 5.8 ಮಿ.ಮೀ. ಅಗಲ, ವಾರ ಬರುವುದೂ ಕಷ್ಟ. ನನ್ನ 13 ನಂಬರ್ 7.9 ಮಿ.ಮೀ., ವಾರದ ಮೇಲೆಯೇ ಬರುತ್ತದೆ. ಅಮ್ಮನ 675 ಎಲ್ಲಕ್ಕಿಂತ ದೊಡ್ಡದು. ಇವು ಗಾಳಿಯಿಂದ ಕೆಲಸ ಮಾಡುವ ಜಿಂಕ್ ಸೆಲ್ಲುಗಳು. ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಒಮ್ಮೆ ಕಿತ್ತರೆ ಮತ್ತೆ ಅಂಟಿಸಿ ಉಳಿಸಲು ಆಗುವುದಿಲ್ಲ. ಕೊಳ್ಳುವ ಮೊದಲು ಕ್ಲಿನಿಕ್ಕಿನಲ್ಲೇ ಸೆಲ್ ಬಾಗಿಲು ತೆಗೆದು, ಹಳೆಯದು ಬೀಳಿಸಿ, ಹೊಸದನ್ನು ನೀವೇ ಹಾಕಿ ನೋಡಿ. ಮಗಳೋ ಸೊಸೆಯೋ ಹಾಕಿಕೊಡುತ್ತಾರೆ ಅಂತ ಬಿಡಬೇಡಿ, ಅವರು ಮನೆಯಲ್ಲಿ ಇಲ್ಲದ ದಿನವೇ ಸೆಲ್ ಮುಗಿಯುವುದು.

ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯ ಹತ್ತಿರದವರು ತೇವವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಡಬ್ಬದ ಮೇಲೆ ಐಪಿ68 ಅಂತ, ಅಂದರೆ ದೂಳು, ನೀರು ತಡೆಯುತ್ತದೆ ಅಂತ ಬರೆದಿದ್ದರೆ ಒಳ್ಳೆಯದೇ. ಆದರೆ ತಿಂಗಳುಗಟ್ಟಲೆ ಆರದ ಥಂಡಿಗೆ ಅದೊಂದನ್ನೇ ನಂಬಿ ಕೂರುವಂತಿಲ್ಲ. ರಾತ್ರಿ ಮೆಷಿನ್ ಒರೆಸಿ, ಸೆಲ್ ತೆಗೆದು, ಬಾಗಿಲು ತೆರೆದು, ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇನೆ. ಸೆಲ್ಲನ್ನು ಅದರೊಳಗೆ ಹಾಕಬಾರದು, ಒಣಗಿ ಬೇಗ ಮುಗಿಯುತ್ತದೆ. ಜೆಲ್ ಬಣ್ಣ ತಿರುಗಿದರೆ ಬದಲಿಸಬೇಕು. ಅಟ್ಟದ ಮೇಲೆ, ಒಲೆಯ ಹತ್ತಿರ ಒಣಗಲು ಇಡಬೇಡಿ, ಶಾಖ ಮತ್ತು ಹೊಗೆಗೆ ಹಾಳಾಗುತ್ತದೆ.

ಒಂದು ಬೇಸರ ಹೇಳಲೇಬೇಕು. ನಾವು ಹೋದ ಒಂದು ಅಂಗಡಿಯಲ್ಲಿ ಅಮ್ಮನ ಆಡಿಯೋಗ್ರಾಮ್ ಪೂರ್ತಿ ನೋಡದೆ ‘ಹಾಕಿದ್ದೇ ಗೊತ್ತಾಗಲ್ಲ’ ಅಂತ ಕಿವಿಯೊಳಗಿನದನ್ನೇ ಮುಂದಿಟ್ಟರು. ಮನೆಗೆ ಒಯ್ದು ನೋಡಲು ಕೊಡುವುದಿಲ್ಲ ಅಂದರು. ಎದ್ದು ಬಂದೆವು. ಅಮ್ಮನಂಥ ಕಿವಿಗೆ ಆ ಶಕ್ತಿ ಸಾಲದು ಅಂತ ಆಮೇಲೆ ಇನ್ನೊಂದು ಕಡೆ ಸರಿಯಾಗಿ ತಿಳಿಸಿದರು. ಕೆಲವು ದಿನ ಬಳಸಿ ನೋಡಲು ಕೊಡುವ ಕಡೆಯೇ ಕೊಳ್ಳಿ. ಬಸ್‌ಸ್ಟ್ಯಾಂಡಿನಲ್ಲಿ, ಅಡುಗೆಮನೆಯಲ್ಲಿ, ಮಿಕ್ಸಿ ತಿರುಗುವಾಗ ಹಾಕಿ ನೋಡಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ದನಿ ಏರಿಸುವ ಮೆಷಿನ್ ಮಾತ್ರ ಬೇಡ. ನಿಮ್ಮ ಗೆರೆ ಹೇಗಿದೆ ಅಂತ ನೋಡದೆ ಎಲ್ಲ ಸದ್ದನ್ನೂ ಒಟ್ಟಿಗೆ ಏರಿಸುತ್ತದೆ.

ದುಡ್ಡಿನ ಕಷ್ಟ ಇದ್ದವರಿಗೆ ದಾರಿಗಳಿವೆ. ಶೇ. 40 ಅಂಗವೈಕಲ್ಯದ ಪ್ರಮಾಣಪತ್ರ ಇದ್ದು ಆದಾಯ ಮಿತಿಯೊಳಗಿದ್ದರೆ ಕೇಂದ್ರದ ಎಡಿಪ್ ಯೋಜನೆಯಲ್ಲಿ ಕಿವಿ ಹಿಂದಿನ ಮೆಷಿನ್ ಸಿಗುತ್ತದೆ. ಗೊಂದಲ ಜಾಸ್ತಿ ಇದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಶಿವಮೊಗ್ಗದಿಂದ ನೇರ ರೈಲಿದೆ. ಕೂಲಂಕಷವಾಗಿ ಪರೀಕ್ಷೆ ಮಾಡಿ ಬೇರೆ ಬೇರೆ ಮೆಷಿನ್ ಹಾಕಿಸಿ ನೋಡುತ್ತಾರೆ.

ಈಚಿನ ಪರೀಕ್ಷೆಯಲ್ಲಿ ನನ್ನ ಎಡಗಿವಿಯ ಗೆರೆ ಇನ್ನಷ್ಟು ಇಳಿದಿತ್ತು. ಮೆಷಿನ್ ಬದಲಿಸಬೇಕಾಗಲಿಲ್ಲ. ಅದೇ ಆರ್‌ಐಸಿಗೆ ಹೆಚ್ಚು ಶಕ್ತಿಯ ರಿಸೀವರ್ ಸಿಕ್ಕಿಸಿ, ಎಡಕ್ಕೆ ಮಾತ್ರ ಮುಚ್ಚಿದ ಡೋಮ್ ಹಾಕಿ, ಕಂಪ್ಯೂಟರಿಗೆ ಜೋಡಿಸಿ ಹೊಸ ಗೆರೆಗೆ ಹೊಂದಿಸಿಕೊಟ್ಟರು. ನನ್ನದೇ ದನಿ ಎಡಗಡೆ ಸ್ವಲ್ಪ ಗುಂಯ್ ಅನ್ನುತ್ತಿದೆ. ಮುಂದಿನ ಸಲ ಹೋದಾಗ ಗಾಳಿತೂತು ಇರುವ ಡೋಮ್ ಹಾಕಿ ನೋಡೋಣ ಅಂದಿದ್ದಾರೆ.