ಹೊಂಡದ ಡಾಫ್ನಿಯಾ, ಬಕೆಟ್‌ನ ಸೊಳ್ಳೆ ಮರಿ, ಟ್ಯೂಬಿಫೆಕ್ಸ್: ನನ್ನ ಮೀನುಗಳಿಗೆ ಯಾವುದು ಸರಿಹೋಯಿತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡಾಫ್ನಿಯಾಕ್ಕೆ, ಅಂದರೆ ಹೊಂಡದ ನೀರಲ್ಲಿ ಈಜಾಡುವ ಆ ಪುಟ್ಟ ಜೀವಿಗೆ. ಟ್ಯಾಂಕಿನ ಮೀನುಗಳಿಗೆ ಈ ಮೂರು ಜೀವಂತ ಆಹಾರವನ್ನೂ ತಿಂಗಳುಗಟ್ಟಲೆ ಹಾಕಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಇದೆಲ್ಲ ಶುರುವಾಗಿದ್ದು ಒಂದು ಪೊಟ್ಟಣ ಟ್ಯೂಬಿಫೆಕ್ಸ್‌ನಿಂದ, ದಾರದಂಥ ಕೆಂಪು ಹುಳು ಅದು. ಅಂಗಡಿಯಿಂದ ತಂದಾಗ ಕೆಂಪು ಮುದ್ದೆ ಚೆನ್ನಾಗಿಯೇ ಮಿಸುಕಾಡುತ್ತಿತ್ತು. ರಾತ್ರಿ ತೊಳೆಯದೆ ಹಾಗೇ ಇಟ್ಟೆ. ಬೆಳಿಗ್ಗೆ ಮುದ್ದೆಯ ನಡುಭಾಗ ಬೂದುಬಣ್ಣಕ್ಕೆ ತಿರುಗಿ ನಾರುತ್ತಿತ್ತು. ಮೇಲಿನ ಹುಳುಗಳು ಜೀವಂತ ಇವೆಯಲ್ಲ ಅಂತ ಟ್ಯಾಂಕಿಗೆ ಹಾಕಿದೆ. ಮೀನು ತಿನ್ನದೆ ಬಿಟ್ಟವು ಜಲ್ಲಿಯೊಳಗೆ ನುಸುಳಿ ಅಲ್ಲೇ ಸತ್ತವು. ಎರಡು ದಿನದಲ್ಲಿ ನೀರು ಹಾಲು ಬೆರೆಸಿದ ಹಾಗೆ ಮಸುಕಾಯಿತು, ತಳದಲ್ಲಿ ಓಡಾಡುವ ನಾಲ್ಕು ಕೋರಿ ಮೀನು ಸತ್ತುಹೋದವು. ಈ ಹುಳು ಬೆಳೆಯುವುದೇ ಕೊಳೆತ ಕೆಸರಿನಲ್ಲಿ, ಚರಂಡಿ ನೀರಿನಲ್ಲಿ. ಹಾಕುವ ಮುಂಚೆ ದಿನಗಟ್ಟಲೆ, ದಿನಕ್ಕೆ ಹಲವು ಸಲ ನೀರು ಬದಲಿಸಿ ತೊಳೆಯಬೇಕು. ನನ್ನ ಕೈಲಿ ಆಗುವುದಿಲ್ಲ. ಟ್ಯೂಬಿಫೆಕ್ಸ್ ಬಗ್ಗೆ ಇಷ್ಟು ಸಾಕು.

ಸೊಳ್ಳೆ ಮರಿಯಷ್ಟು ಸುಲಭದ್ದು ಇನ್ನೊಂದಿಲ್ಲ. ನೆರಳಲ್ಲಿ ಒಂದು ಬಕೆಟ್ ನೀರು, ಒಂದು ಹಿಡಿ ಒಣ ಎಲೆ, ಅಷ್ಟೇ. ಕೆಲವೇ ದಿನದಲ್ಲಿ ನೀರಿನ ಮೇಲೆ ಪುಟ್ಟ ಕಪ್ಪು ದೋಣಿಗಳ ಹಾಗೆ ಮೊಟ್ಟೆಗಳು ತೇಲುತ್ತವೆ. ಕ್ಯೂಲೆಕ್ಸ್ ಸೊಳ್ಳೆಯದಾದರೆ ಒಂದೊಂದು ದೋಣಿಯಲ್ಲಿ 100ರಿಂದ 300 ಮೊಟ್ಟೆ. ನಮ್ಮ ನೆರಳು ಬಿದ್ದರೆ ಸಾಕು, ಮರಿಗಳೆಲ್ಲ ಮಿಡುಕುತ್ತಾ ತಳಕ್ಕೆ ಇಳಿಯುತ್ತವೆ. ಬೆಟ್ಟಾ ಮೀನು ಇವನ್ನು ಬೇಟೆಯಾಡುವುದನ್ನು ನೋಡುವುದೇ ಒಂದು ಖುಷಿ.

ಆದರೆ ಬಿಸಿಲುಕಾಲದಲ್ಲಿ 7ರಿಂದ 10 ದಿನದೊಳಗೆ ಇವು ಹಾರಿ ಹೋಗುತ್ತವೆ. ನಾನು ಕೆಲಸದ ಮೇಲೆ ಆಗಾಗ ಊರು ಬಿಡುವವನು. ಒಂದು ಸಲ ಬಕೆಟ್ ಮರೆತು ಹೋಗಿದ್ದೆ. ವಾಪಸ್ ಬಂದಾಗ ನೀರಿನ ಮೇಲೆ ಬರೀ ಖಾಲಿ ಪೊರೆಗಳು ತೇಲುತ್ತಿದ್ದವು. ಡೆಂಗ್ಯೂ ಹರಡುವ ಸೊಳ್ಳೆಯೂ ಇಂಥ ನಿಂತ ನೀರಲ್ಲೇ ಮೊಟ್ಟೆ ಇಡುವುದು. ಅಕ್ಕಪಕ್ಕದ ಮನೆಗಳಲ್ಲಿ ಮಕ್ಕಳಿದ್ದಾರೆ. ಅವತ್ತೇ ಬಕೆಟ್ ಬೋರಲು ಹಾಕಿದೆ.

ಈಗ ಡಾಫ್ನಿಯಾ. ಹೊಂಡ ಆರಿಸುವಾಗ ನಾನು ಮೊದಲು ನೋಡುವುದು ಇದು: ಅದರಲ್ಲಿ ಮೀನು ಇರಬಾರದು. ಮೀನಿದ್ದ ಕಡೆ ಡಾಫ್ನಿಯಾ ಉಳಿಯುವುದು ಕಷ್ಟ, ಮೇಲಾಗಿ ಆ ಮೀನುಗಳ ಮೈಮೇಲಿನ ಆ್ಯಂಕರ್ ಹುಳು, ಮೀನು ಹೇನು ಎಲ್ಲ ನಮ್ಮ ಟ್ಯಾಂಕಿಗೆ ಬರುತ್ತವೆ. ಹೊಲಕ್ಕೆ ಹೊಡೆದ ಔಷಧಿ ಹರಿದು ಬರುವ ಜಾಗವೂ ಬೇಡ. ಬೆಳಕು ಹರಿಯುವ ಹೊತ್ತಿಗೆ ಹೋಗಬೇಕು, ಆಗ ಅವು ಮೇಲೆಯೇ ಇರುತ್ತವೆ. ತೆಳು ಬಟ್ಟೆಯ ಬಲೆಯನ್ನು ನಿಧಾನವಾಗಿ ಇಂಗ್ಲಿಷ್ ಎಂಟರ (8) ಆಕಾರದಲ್ಲಿ ಆಡಿಸಿದರೆ ಸಾಕು. ಆಸೆಗೆ ಬಿದ್ದು ಬಕೆಟ್‌ನಲ್ಲಿ ತುಂಬಿಸಿಕೊಂಡರೆ ದಾರಿಯಲ್ಲೇ ಉಸಿರುಕಟ್ಟಿ ಸಾಯುತ್ತವೆ. ಕ್ಲೋರಿನ್ ಇರುವ ನಲ್ಲಿ ನೀರಿಗಂತೂ ಹಾಕಲೇಬೇಡಿ.

ತೊಂದರೆ ಇರುವುದು ಜೊತೆಗೆ ಬರುವ ಬೇರೆ ಜೀವಿಗಳದ್ದು. ದೊಡ್ಡವು ಕಣ್ಣಿಗೆ ಬೀಳುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿ, ನೀರುಜೀರುಂಡೆಯ ಮರಿ, ಜಿಗಣೆ, ಇವನ್ನೆಲ್ಲ ಟೀ ಸೋಸುವ ಜರಡಿಯೇ ತಡೆಯುತ್ತದೆ. ನನ್ನನ್ನು ಅಳಿಸಿದ್ದು ಹೈಡ್ರಾ ಅನ್ನುವ, ಸುಲಭಕ್ಕೆ ಕಣ್ಣಿಗೆ ಬೀಳದ ಪುಟ್ಟ ಜೀವಿ.

ಗಪ್ಪಿ ಮರಿಗಳು ದಿನಕ್ಕೆ ಎರಡು ಮೂರು ಕಡಿಮೆ ಆಗುತ್ತಿದ್ದವು. ದೊಡ್ಡ ಮೀನು ಆ ಟ್ಯಾಂಕಿನಲ್ಲಿ ಇರಲೇ ಇಲ್ಲ. ಒಂದು ರಾತ್ರಿ ಟಾರ್ಚ್ ಹಿಡಿದು ಗಾಜಿಗೆ ಮುಖ ಒತ್ತಿ ನೋಡಿದೆ. ಗಾಜಿನ ಮೇಲೆ ದಾರದ ತುಂಡಿನಂಥದ್ದು, ತುದಿಯಲ್ಲಿ ಆರೇಳು ಎಳೆ. ಒಂದು ಡಾಫ್ನಿಯಾ ಬಂದು ಎಳೆಗೆ ತಾಗಿತು, ಎರಡು ಸಲ ಒದ್ದಾಡಿತು, ನಿಂತಿತು. ಎಳೆಗಳು ಮೆಲ್ಲಗೆ ಒಳಕ್ಕೆ ಬಾಗಿದವು. ಪಕ್ಕದಲ್ಲೇ ಅಂಥವು ಹತ್ತಾರು, ಕೆಲವಕ್ಕೆ ಸೊಂಟದಲ್ಲಿ ಮರಿ ಮೊಗ್ಗು ಬೇರೆ. ಹುಟ್ಟಿದ ಗಪ್ಪಿ ಮರಿಗೂ ಅದೇ ಗತಿ ಆಗಿತ್ತು. ನಾನು ದಿನಾ ಮರಿಗಳಿಗೆ ಅಂತ ಹಾಕಿದ ಡಾಫ್ನಿಯಾ ತಿಂದೇ ಅವು ಬೆಳೆದಿದ್ದವು.

ಬ್ಲೇಡಿನಿಂದ ಕೆರೆದೆ. ಅದೇ ತಪ್ಪಾಯಿತು. ಹೈಡ್ರಾದ ತುಂಡು ಮತ್ತೆ ಪೂರ್ತಿ ಹೈಡ್ರಾ ಆಗುತ್ತದೆ. ಕೊನೆಗೆ ಉಳಿದ ಮರಿಗಳನ್ನು ಬೇರೆ ಕಡೆ ಹಾಕಿ, ಎರಡು ನೀಲಿ ಗೌರಾಮಿ ಮೀನು ಬಿಟ್ಟೆ. ಅವು ಗಾಜನ್ನು ಹೆಕ್ಕಿ ಹೆಕ್ಕಿ ತಿಂದವು.

ಅಂದಿನಿಂದ ಒಂದು ಕೆಲಸ ತಪ್ಪಿಸಿಲ್ಲ. ತಂದದ್ದನ್ನು ಜರಡಿಯಲ್ಲಿ ಸೋಸಿ, ಬಿಳಿ ಬೇಸಿನ್‌ಗೆ ಹಾಕಿ, ಎರಡು ಗಂಟೆ ಅಲುಗಾಡಿಸದೆ ಬಿಡುತ್ತೇನೆ. ಹೈಡ್ರಾ ಗೋಡೆಗೂ ತಳಕ್ಕೂ ಅಂಟಿಕೊಳ್ಳುತ್ತದೆ. ಆಮೇಲೆ ಒಂದು ಮೂಲೆಗೆ ಟಾರ್ಚ್ ಹಿಡಿದರೆ ಡಾಫ್ನಿಯಾ ಅಲ್ಲಿಗೆ ಗುಂಪು ಸೇರುತ್ತದೆ. ಲೋಟದಲ್ಲಿ ಮೇಲಿಂದ ಅಷ್ಟನ್ನೇ ಮೊಗೆದು, ಬಟ್ಟೆಯಲ್ಲಿ ಸೋಸಿ ಹಾಕುತ್ತೇನೆ. ಬೇಸಿನ್ ನೀರು ಒಂದು ಹನಿಯೂ ಟ್ಯಾಂಕಿಗೆ ಹೋಗಬಾರದು. ಎಲೆ ಚೂರು ಇದ್ದರೆ ಅದೂ ಬೇಡ, ಹೈಡ್ರಾ ಅದರ ಮೇಲೇ ಕೂತು ಬರುವುದು. ನೂರಕ್ಕೆ ನೂರು ಖಾತ್ರಿ ಅಂತ ಹೇಳಲ್ಲ, ಆದರೆ ನನ್ನ ಟ್ಯಾಂಕಿನಲ್ಲಿ ಮತ್ತೆ ಕಂಡಿಲ್ಲ.

ಇಷ್ಟು ಪಾಡಿದ್ದರೂ ಡಾಫ್ನಿಯಾನೇ ಯಾಕೆ ಅಂತೀರಾ? ಟ್ಯಾಂಕಿನಲ್ಲಿ ಮೀನು ತಿನ್ನದೆ ಬಿಟ್ಟರೂ ಈಜಾಡಿಕೊಂಡು ಇರುತ್ತದೆ, ನೀರು ಕೆಡಿಸುವುದಿಲ್ಲ. ಸಣ್ಣದನ್ನು ಸೋಸಿ ತೆಗೆದರೆ ಗಪ್ಪಿ ಮರಿಯ ಬಾಯಿಗೂ ಹಿಡಿಸುತ್ತದೆ. ಅದರ ಗಟ್ಟಿ ಹೊರಪೊರೆಯಿಂದ ಮೀನಿನ ಹೊಟ್ಟೆಯೂ ಸಲೀಸಾಗುತ್ತದೆ. ಖರ್ಚು ಅಂದರೆ ಬಲೆಗೆ ಒಂದು ಸಲ ಕೊಟ್ಟದ್ದು. ನನಗೆ ಹೇಗೂ ಬೆಳಿಗ್ಗೆ ಬೇಗ ಏಳುವ ಅಭ್ಯಾಸ. ನಿಮ್ಮ ಹತ್ತಿರ ಒಂದೇ ಬೆಟ್ಟಾ ಇದ್ದು, ದಿನಾ ಮನೆಯಲ್ಲೇ ಇರುವವರಾದರೆ, ಮೊಟ್ಟೆ ಕಂಡ ಮೇಲೆ ಬಕೆಟ್‌ಗೆ ಬಲೆ ಮುಚ್ಚಿ ಸೊಳ್ಳೆ ಮರಿ ಸಾಕಿ, ಹಾರುವ ಮುಂಚಿನ ಹಂತದ, ಗುಂಡಗೆ ಅಲ್ಪವಿರಾಮದ ಹಾಗೆ ಸುತ್ತಿಕೊಂಡ ಕೋಶಗಳು ಕಂಡ ದಿನವೇ ಬಕೆಟ್ ಖಾಲಿ ಮಾಡಿ.

ನಾನು ಉಳಿದ ಡಾಫ್ನಿಯಾವನ್ನು ಪಾಚಿಯಿಂದ ಹಸಿರಾದ ನೀರಿನ ಟಬ್‌ಗೆ ಹಾಕುತ್ತೇನೆ. ಮಳೆ ಜಾಸ್ತಿಯಾಗಿ ಹೊಂಡಕ್ಕೆ ಹೋಗಲು ಆಗದ ವಾರ, ಮೀನುಗಳಿಗೆ ಅದರಿಂದಲೇ ಮೊಗೆದು ಹಾಕುವುದು.